ಆಲ್ಬನ್ ಸರ್ ಹೋಗಬೇಕಿದ್ದ ವೇಲ್ಸ್

ಲಿಫ್ಟಿನ ಬಾಗಿಲು ತೆರೆದಿತ್ತು. ಒಳಗಿದ್ದ ಮನುಷ್ಯ ಮಾತ್ರ ಹೊರಗೆ ಬರುತ್ತಿರಲಿಲ್ಲ. ಇಸ್ತ್ರಿ ಮಾಡಿದ ಕಪ್ಪು ಕೋಟು, ಕುತ್ತಿಗೆಗೆ ಬೋ ಟೈ, ಹಿಂದಕ್ಕೆ ಬಾಚಿದ ನರೆಗೂದಲು. ಎರಡೂ ಪಾದಗಳು ಹೊಸ್ತಿಲಲ್ಲೇ ನೆಲಕ್ಕೆ ಅಂಟಿಕೊಂಡಂತಿದ್ದವು. ಮುಚ್ಚಲು ಬಂದ ಬಾಗಿಲು ಅವರ ಭುಜಕ್ಕೆ ತಾಗಿ ಮತ್ತೆ ತೆರೆದುಕೊಂಡಿತು.

“ಒಂದು ನಿಮಿಷ ಮಾರಾಯ,” ಎಂದರು ನನ್ನತ್ತ ನೋಡಿ. “ನನ್ನ ಕಾಲುಗಳದ್ದು ಮೀಟಿಂಗ್ ನಡೀತಾ ಉಂಟು.”

ನಾನು ಕೈ ಹಿಡಿಯಲು ಹೋದೆ.

“ಕೈ ಬೇಡ. ನಿನ್ನ ಶೂ ತೆಗೆದು ನನ್ನ ಕಾಲಿನ ಮುಂದೆ ಅಡ್ಡ ಇಡು.”

ಇಟ್ಟೆ. ಅದನ್ನು ದಾಟುವವರಂತೆ ಬಲಗಾಲು ಎತ್ತಿದರು. ಎತ್ತಿದ್ದೇ ತಡ, ಏನೂ ಆಗದವರ ಹಾಗೆ ನಡೆದು ಹೋಗಿಬಿಟ್ಟರು. ಒಂದು ಕಾಲಲ್ಲಿ ಶೂ, ಇನ್ನೊಂದರಲ್ಲಿ ಕಾಲುಚೀಲ, ಹೀಗೆ ನಾನು ಲಿಫ್ಟಿನ ಮುಂದೆ ನಿಂತಿದ್ದೆ.

ದುಬೈಯ ಕರಾಮಾದ ಆ ಹಳೆಯ ಕಟ್ಟಡಕ್ಕೆ ನಾನು ಹೊಸದಾಗಿ ಬಂದಿದ್ದೆ. ಹೆಸರು ಬಸು, ಗದಗಿನವನು. ಅಲ್ ಕೂಜ್‌ನಲ್ಲಿ ಏಸಿ ಡಕ್ಟ್ ಮಾಡುವ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್ ಕೆಲಸ. ಆಲ್ಬನ್ ಸರ್ ನನ್ನ ಎದುರು ಮನೆಯವರು, ಮಂಗಳೂರಿನ ಕೊಂಕಣಿ ಕ್ರೈಸ್ತರು. ಒಂದು ದೊಡ್ಡ ಹೋಟೆಲಿನಲ್ಲಿ ಬ್ಯಾಂಕ್ವೆಟ್ ವಿಭಾಗ ಅವರ ಕೈಯಲ್ಲಿತ್ತು. ಮದುವೆ, ಕಂಪನಿಗಳ ಪಾರ್ಟಿ, ಶೇಖ್‌ಗಳ ಔತಣ, ಎಲ್ಲ. ಹೆಂಡತಿ ಗ್ರೆಟ್ಟಕ್ಕ ಒಂದು ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್. ಮಕ್ಕಳಿರಲಿಲ್ಲ.

ಅವರಿಗೆ ಪಾರ್ಕಿನ್ಸನ್ ಕಾಯಿಲೆ. ನಡುಗುವ ಎಡಗೈಯನ್ನು ಕೋಟಿನ ಜೇಬಿನಲ್ಲಿ ಇಟ್ಟುಕೊಂಡೇ ಹೋಟೆಲಿನಲ್ಲಿ ದಿನ ತಳ್ಳುತ್ತಿದ್ದರು. ಅಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ವೀಸಾ ಹೋಗುತ್ತದೆ. ಇದು ಕರಾಮಾದಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾದ ವಿಷಯವಲ್ಲ.

ಇಂಥ ಮನುಷ್ಯ ಸೈಕಲ್ ಹೊಡೆಯುತ್ತಾರೆಂದಾಗ ನಾನು ನಂಬಲಿಲ್ಲ. ಒಂದು ಶುಕ್ರವಾರ ಬೆಳಿಗ್ಗೆ ನನ್ನ ಕಾರಿನ ಹಿಂದೆ ತಮಗೊಂದು, ನನಗೊಂದು ಸೈಕಲ್ ಕಟ್ಟಿಸಿಕೊಂಡು ಅಲ್ ಕುದ್ರಾಕ್ಕೆ ಕರೆದೊಯ್ದರು. ಮರಳುಗಾಡಿನ ನಡುವೆ ಸೈಕಲ್ಲಿಗೆಂದೇ ಹಾಸಿದ ಡಾಂಬರು ದಾರಿ. ಕಾರಿನಿಂದ ಇಳಿದು ನಾಲ್ಕು ಹೆಜ್ಜೆ ಇಡಲು ನನ್ನ ಶೂ ಮತ್ತೆ ಬೇಕಾಯಿತು. ಅವರ ಸೈಕಲನ್ನು ಓರೆ ಮಾಡಿ ಹಿಡಿದು ಹತ್ತಿಸಿದೆ.

“ಸರ್, ಬೀಳ್ತೀರಿ ಮತ್ತ,” ಎಂದೆ.

“ದೂಡು.”

ದೂಡಿದೆ. ಹೋದರು. ನಡುಕವಿಲ್ಲ, ತಡವರಿಕೆಯಿಲ್ಲ. ಬೆನ್ನು ನೆಟ್ಟಗೆ, ಮೊಣಕಾಲು ಒಂದೇ ಲಯದಲ್ಲಿ ಮೇಲೆ ಕೆಳಗೆ. ಹಿಂದಿನಿಂದ ನೋಡಿದವರಿಗೆ ಅವರಿಗೊಂದು ಕಾಯಿಲೆ ಇದೆ ಎಂದರೆ ನಗು ಬರುತ್ತಿತ್ತು. ಕಾಲು ಕಟ್ಟಿಹೋಗುವ ಕೆಲವರಿಗೆ ಪೆಡಲ್ ತುಳಿಯುವುದು ಬರುತ್ತದೆ, ಮೆದುಳಿನಲ್ಲಿ ಅದರ ದಾರಿಯೇ ಬೇರೆ ಇರಬೇಕು ಎಂದು ಅವರ ಮಲಯಾಳಿ ಡಾಕ್ಟರು ಹೇಳಿದ್ದರಂತೆ. ಕಷ್ಟವಿದ್ದದ್ದು ನಿಲ್ಲಿಸುವುದರಲ್ಲಿ. ಕಾಲು ನೆಲಕ್ಕೆ ಬರುತ್ತಿರಲಿಲ್ಲ. ಹಾಗಾಗಿ ನಾನು ಮುಂದೆ ಹೋಗಿ ನನ್ನ ಸೈಕಲ್ ಮಲಗಿಸಿ, ದಾರಿಗೆ ಅಡ್ಡ ನಿಂತು, ಬಂದವರನ್ನು ಹ್ಯಾಂಡಲ್ ಸಮೇತ ಅಪ್ಪಿ ಹಿಡಿಯಬೇಕಿತ್ತು. ಮೊದಲ ಸಲ ಇಬ್ಬರೂ ಮರಳಿಗೆ ಬಿದ್ದೆವು. ಆಮೇಲೆ ರೂಢಿಯಾಯಿತು. ಚಳಿಗಾಲದ ಶುಕ್ರವಾರಗಳೆಲ್ಲ ಹಾಗೆಯೇ ಕಳೆದವು.

ವೇಲ್ಸ್ ಎಂಬ ಹೆಸರು ಬಂದದ್ದು ಗ್ಯಾರೆತ್‌ನಿಂದ. ಹೋಟೆಲಿನ ಅಡುಗೆಮನೆಯಲ್ಲಿ ಸರ್ ಜೊತೆ ವರ್ಷಗಟ್ಟಲೆ ದುಡಿದ ಶೆಫ್. ಬ್ರಿಟನ್ನಿನ ವೇಲ್ಸಿನಲ್ಲಿರುವ ತನ್ನ ಊರಿಗೆ ಮರಳಿ, ಬ್ರೆಕನ್ ಹತ್ತಿರದ ಹಳ್ಳಿಯಲ್ಲಿ, ಕಾಲುವೆಯ ದಂಡೆಗೆ ಸಣ್ಣದೊಂದು ವಸತಿಗೃಹ ಇಟ್ಟಿದ್ದ. “ಬಾ, ಒಂದು ವಾರ ಇರು, ನನ್ನ ಊರಿನ ರಸ್ತೆಗಳಲ್ಲಿ ಸೈಕಲ್ ಹೊಡಿ” ಎಂದು ಕರೆದಿದ್ದ. ಜೀವಮಾನವಿಡೀ ಬೇರೆಯವರ ಔತಣಗಳಿಗೆ ಏರ್ಪಾಡು ಮಾಡಿದ ಮನುಷ್ಯ ಮೊದಲ ಸಲ ತನ್ನದೊಂದು ವಾರಕ್ಕೆ ಏರ್ಪಾಡು ಮಾಡಲು ಕುಳಿತರು. ಜೊತೆಗೆ ನಾನು ಮತ್ತು ಗ್ರೆಟ್ಟಕ್ಕ. ಸೈಕಲ್ ನಮ್ಮಿಬ್ಬರಿಗೆ, ಅಕ್ಕ ಗ್ಯಾರೆತ್‌ನ ಕಾರಿನಲ್ಲಿ.

ಊಟದ ಮೇಜಿನ ಮೇಲೆ ನಕಾಶೆ ಹರಡಿ ಅವರು ಮಾತಾಡುತ್ತಿದ್ದುದು ಬ್ಯಾಂಕ್ವೆಟ್ಟಿನ ಭಾಷೆಯಲ್ಲಿಯೇ.

“ಮೊದಲ ದಿನ ಬರೇ ಸ್ಟಾರ್ಟರ್. ಕಾಲುವೆ ಬದಿಯ ರಸ್ತೆ, ಸಪಾಟು ಉಂಟು. ಎರಡನೇ ದಿನ ಅಸ್ಕ್ ನದಿಯ ಬದಿಗೆ ಸೂಪ್. ಗುಡ್ಡ ಇರುವ ದಿನ ಮಧ್ಯಾಹ್ನದ ಮೇಲೆ ಏನೂ ಇಲ್ಲ, ಮಲಗುವುದು.”

“ಮಳಿ ಬಂದ್ರ?”

“ಬ್ರೇಕ್‌ಫಾಸ್ಟ್ ಉದ್ದ ಮಾಡುವುದು. ಅರ್ಜೆಂಟ್ ಉಂಟಾ ನಿನಗೆ?”

ಯಾವ ದಿನವೂ ಚಹಾದ ಹೊತ್ತಿನ ಮೇಲೆ ರಸ್ತೆಯಲ್ಲಿ ಇರಬಾರದು. ಯಾರನ್ನೂ ಹಿಂದೆ ಹಾಕಬಾರದು. ಆದರೆ ಅವರ ತಲೆಯೆಲ್ಲ ಇದ್ದದ್ದು ಒಂದೇ ವಿಷಯದಲ್ಲಿ, ಎಲ್ಲಿ ನಿಲ್ಲುವುದು. ಅಲ್ಲಿ ಊರಿನ ಹಾಗೆ ಎಡಗಡೆಯ ಸಂಚಾರ. ಆದ್ದರಿಂದ ನಿಲ್ಲುವ ಕಡೆಯಲ್ಲೆಲ್ಲ ಎಡಕ್ಕೆ ಸೊಂಟದ ಎತ್ತರದ ಗೋಡೆ ಬೇಕು, ಕೈಯೂರಿ ವಾಲಿಕೊಂಡು ನಾನು ಬರುವ ತನಕ ಇರಲಿಕ್ಕೆ. ಗ್ಯಾರೆತ್ ತಾನೇ ಸೈಕಲ್ ಹತ್ತಿ ಗೋಡೆಗಳನ್ನು ನೋಡಿಕೊಂಡು ಬಂದು ಫೋನ್ ಮಾಡುತ್ತಿದ್ದ. ಚರ್ಚಿನ ಗೋಡೆ ಅಡ್ಡಿಯಿಲ್ಲ. ಕಲ್ಲಿನ ಸೇತುವೆಯದು ತಗ್ಗು. ಒಂದು ಕಡೆ ಬೇಲಿ, ಅದರ ತುಂಬ ಮುಳ್ಳು. ಸ್ಪೀಕರ್‌ನಲ್ಲಿ ಇದನ್ನೆಲ್ಲ ಕೇಳುತ್ತ ಸರ್ ಮುಖ ಮದುವೆ ಮನೆಯ ಯಜಮಾನನದಾಗುತ್ತಿತ್ತು.

ಗ್ರೆಟ್ಟಕ್ಕನಿಗೆ ಮಾತ್ರ ಸಿಟ್ಟು. “ಇಲ್ಲಿ ಬಸು ಹಿಡೀತಾರೆ. ಅಲ್ಲಿ ಬಿದ್ರೆ ಯಾರು ಎತ್ತುವುದು? ಕುರಿಗಳಾ?”

“ಕುರಿಗಳು ಎತ್ತುವುದಿಲ್ಲ ಗ್ರೆಟ್ಟಾ. ಸುತ್ತ ನಿಂತು ನೋಡ್ತಾವೆ. ನಮ್ಮ ನೆಂಟರ ಹಾಗೆಯೇ.”

ಅಕ್ಕ ನಗಲಿಲ್ಲ. ಆದರೂ ರಜೆಗೆ ಬರೆದುಕೊಟ್ಟರು. ಮೂವರ ಪಾಸ್‌ಪೋರ್ಟುಗಳೂ ಬ್ರಿಟಿಷ್ ವೀಸಾಕ್ಕೆ ಹೋದವು.

ಆ ವಾರವೇ ಹೋಟೆಲಿನಲ್ಲಿ ಒಂದು ಮದುವೆ. ಅಡುಗೆಮನೆಯಿಂದ ಹಾಲ್‌ಗೆ ತಳ್ಳುಬಾಗಿಲಿನಲ್ಲಿ ಹಾದುಹೋಗುವಾಗ ಆಲ್ಬನ್ ಸರ್ ಕಾಲು ಕಟ್ಟಿಹೋಯಿತು. ಅವರ ಬೆನ್ನಿಗೇ ಬಿಸಿ ಸೂಪಿನ ಪಾತ್ರೆ ಹೊತ್ತು ದಿಲ್ ಬಹಾದ್ದೂರ್ ಎಂಬ ನೇಪಾಳಿ ವೇಟರ್ ಬರುತ್ತಿದ್ದ. ಮುಂದಿನವರು ತಟ್ಟನೆ ನಿಲ್ಲುತ್ತಾರೆಂದು ಅವನು ಹೇಗೆ ಎಣಿಸಿಯಾನು? ಪಾತ್ರೆ ಮಗುಚಿ ಅವನ ಎದೆ, ಎರಡೂ ಕೈ ಬೆಂದುಹೋದವು. ಸರ್ ಕೋಟಿನ ಬೆನ್ನು ಒದ್ದೆಯಾಯಿತು, ಅಷ್ಟೇ.

ಮರುದಿನ ವಿಚಾರಣೆ. ಬಹಾದ್ದೂರ್ ಓಡುತ್ತಿದ್ದ, ನೋಡಲಿಲ್ಲ ಎಂದು ಮೇಲ್ವಿಚಾರಕರು ಮೊದಲೇ ತೀರ್ಮಾನಿಸಿ ಆಗಿತ್ತು. ಆಸ್ಪತ್ರೆಯಿಂದ ಬಿಟ್ಟ ಮೇಲೆ ಅವನನ್ನು ಕಳಿಸಿಬಿಡುವುದೆಂದೂ ಆಗಿತ್ತು. ವಿಭಾಗದ ಮುಖ್ಯಸ್ಥರಾದ ಸರ್ ಹೌದೆಂದರೆ ಮುಗಿಯಿತು. ಆ ದಿನ ಮನೆಗೆ ಬಂದ ಸರ್ ಕುರ್ಚಿಯಲ್ಲಿ ಕುಳಿತು, ಎಡಗೈಯನ್ನು ಅಡಗಿಸದೆ ತೊಡೆಯ ಮೇಲೆ ಇಟ್ಟುಕೊಂಡರು. ಅದು ತನ್ನಷ್ಟಕ್ಕೆ ಕುಣಿಯುತ್ತಿತ್ತು.

“ಹೇಳಿಬಿಟ್ಟೆ,” ಎಂದರು.

“ಏನಂತ?” ಗ್ರೆಟ್ಟಕ್ಕ ಕೇಳಿದರು. ಗೊತ್ತಿದ್ದೇ ಕೇಳಿದ್ದು.

“ಬಾಗಿಲಲ್ಲಿ ನಿಂತದ್ದು ನಾನು ಅಂತ. ಯಾಕೆ ನಿಂತೆ ಅಂತ. ಎಷ್ಟು ಸಮಯದಿಂದ ಹೀಗೆ ಉಂಟು ಅಂತ. ಎಲ್ಲ.”

ಅಕ್ಕ ಎದ್ದು ಅಡುಗೆಮನೆಗೆ ಹೋದರು. ನಲ್ಲಿ ಬಿಟ್ಟ ಸದ್ದು ಬಹಳ ಹೊತ್ತು ಕೇಳುತ್ತಿತ್ತು.

ಹೋಟೆಲಿನವರು ಮರ್ಯಾದೆಯಿಂದಲೇ ನಡೆದುಕೊಂಡರು. ಕೇಕ್ ಕತ್ತರಿಸಿದರು, ಭಾಷಣ ಮಾಡಿದರು, ಬರಬೇಕಾದುದನ್ನೆಲ್ಲ ಕೊಟ್ಟರು, ದುಬೈಯ ವೀಸಾ ರದ್ದು ಮಾಡಿದರು. ರದ್ದು ಮಾಡಲು ಪಾಸ್‌ಪೋರ್ಟ್ ಬೇಕಿತ್ತು. ಅದಕ್ಕೆ ಬ್ರಿಟಿಷ್ ವೀಸಾದ ಅರ್ಜಿಯನ್ನು ಹಿಂದಕ್ಕೆ ಪಡೆಯಬೇಕಾಯಿತು. ಆ ಕಚೇರಿಗೆ ಅವರನ್ನು ಕರೆದೊಯ್ದವನು ನಾನೇ. ಕೌಂಟರಿನ ಹುಡುಗಿ ಇಂಗ್ಲಿಷಿನಲ್ಲಿ ಕಾರಣ ಕೇಳಿದಳು. “ಪ್ಲಾನ್ ಬದಲಾಯಿತು,” ಎಂದರು ಸರ್, ಅತಿಥಿಗಳಿಗೆ ಕೊಡುತ್ತಿದ್ದ ಅದೇ ನಗುವಿನೊಂದಿಗೆ.

ಗ್ರೆಟ್ಟಕ್ಕನ ಸಂಬಳದ ಮೇಲೆ ಗಂಡನಿಗೆ ವೀಸಾ ಸಿಗುವಂತಿರಲಿಲ್ಲ. ಔಷಧಿಗಾದರೂ ಒಬ್ಬರ ಸಂಬಳ ಬೇಕು. ಹೀಗಾಗಿ ಅಕ್ಕ ಫ್ಲ್ಯಾಟ್ ಬಿಟ್ಟು ದುಬೈಯಲ್ಲೇ ಸತ್ವಾದ ಹಳೆಯ ವಿಲ್ಲಾವೊಂದರಲ್ಲಿ, ಹಲವರಿರುವ ಕೋಣೆಯಲ್ಲಿ ಒಂದು ಮಂಚದ ಜಾಗ, ಬೆಡ್‌ಸ್ಪೇಸ್ ಹಿಡಿದರು. ಸರ್ ಮಂಗಳೂರಿಗೆ, ತಮ್ಮನ ಮನೆಗೆ. ಮದುವೆಯಾದಂದಿನಿಂದ ಬೇರೆಯಾಗಿ ಇದ್ದವರಲ್ಲ. ಕೊನೆಯ ಸವಾರಿ ಅಂತ ಒಂದು ಆಗಲೇ ಇಲ್ಲ. ಅಷ್ಟರಲ್ಲಿ ಬಿಸಿಲು ಏರಿತ್ತು, ಸಾಮಾನು ಕಟ್ಟುವುದಿತ್ತು. ಅವರ ಸೈಕಲ್ ಕೆಲವು ದಿನ ಮೆಟ್ಟಿಲ ಕೆಳಗೆ ಇತ್ತು. ಆಮೇಲೆ ಯಾರೋ ಒಯ್ದರು.

ಮುಂದಿನ ವರ್ಷ ರಜೆಗೆ ಊರಿಗೆ ಹೋಗುವಾಗ ಮಂಗಳೂರಿನಲ್ಲಿ ಇಳಿದೆ. ಕಂಕನಾಡಿಯ ಒಂದು ಫ್ಲ್ಯಾಟಿನ ಒಳಕೋಣೆಯಲ್ಲಿ ಅವರು ಮಲಗಿದ್ದರು. ತಮ್ಮನ ಹೆಂಡತಿ ಒಳ್ಳೆಯವರೇ, ಕೋಣೆ ಚೊಕ್ಕವಾಗಿತ್ತು. ಆದರೆ ಸರ್ ಅರ್ಧದಷ್ಟಾಗಿದ್ದರು. ಮುಖದಲ್ಲಿ ಚಲನೆಯೇ ಇರಲಿಲ್ಲ. ಮಾತು ಕೇಳಬೇಕಾದರೆ ಬಾಯಿಯ ಹತ್ತಿರ ಕಿವಿ ಒಡ್ಡಬೇಕಿತ್ತು.

“ದಿಲ್ ಬಹಾದ್ದೂರ್ ಕೈ?” ಎಂದರು, ನಾನು ಕುಳಿತ ಕೂಡಲೇ.

“ಗಾಯ ಕೂಡ್ಯಾವ್ರಿ ಸರ್. ಕಲೆ ಉಳದಾವ. ಅದ ಹೋಟೆಲಿನ್ಯಾಗ ಅದಾನ.”

ಕಣ್ಣು ಮುಚ್ಚಿದರು. ಏನಾದರೂ ಹಿತವಾದದ್ದು ಹೇಳಬೇಕೆಂದು ನಾನು ಗ್ಯಾರೆತ್ ಹೆಸರೆತ್ತಿದೆ, ಅವನು ಪ್ರತಿ ತಿಂಗಳೂ ವಿಚಾರಿಸುತ್ತಾನೆ ಎಂದೆ.

“ಆ ವಿಷಯ ಬೇಡ.”

ಆಮೇಲೆ ಅವರೇ ಬೇರೆ ಮಾತು ಶುರು ಮಾಡಿದರು. ಒಂದೊಂದು ಮಾತಿಗೂ ಉಸಿರು ಕೂಡಿಸಿಕೊಳ್ಳಬೇಕಿತ್ತು.

“ನಾನು ಮಾಡಿದ್ದು ಒಳ್ಳೆಯದು ಅಂತ ಎಲ್ಲರೂ ಹೇಳ್ತಾರೆ. ಫಾದರ್ ಸಹ ಬಂದು ಹೇಳಿದರು. ನಾನು ಇಲ್ಲಿ ಮಲಗಿ ಏನು ಯೋಚನೆ ಮಾಡ್ತೇನೆ ಗೊತ್ತುಂಟಾ? ಸುಮ್ಮನೆ ಇರಬಹುದಿತ್ತು. ಅವನನ್ನು ಊರಿಗೆ ಕಳಿಸ್ತಿದ್ದರು. ನಾನು ಗ್ರೆಟ್ಟಾ ಜೊತೆ ಇರ್ತಿದ್ದೆ. ದಿನಾ ಯೋಚನೆ ಮಾಡ್ತೇನೆ ಬಸು. ಒಂದೊಂದು ದಿನ ಅವನ ಮೇಲೆಯೇ ಸಿಟ್ಟು ಬರ್ತದೆ. ಮೈ ಸುಟ್ಟುಕೊಂಡವನ ಮೇಲೆ.”

ಅವರ ಕೈ ಹಿಡಿದುಕೊಂಡೆ. ಅದು ನನ್ನ ಕೈಯೊಳಗೂ ನಡುಗುತ್ತಲೇ ಇತ್ತು.

ಆಗ ಗ್ರೆಟ್ಟಕ್ಕನ ವಿಡಿಯೋ ಕರೆ ಬರುವ ಹೊತ್ತಾಯಿತು. ತಮ್ಮನ ಹೆಂಡತಿ ಬಂದು ಅವರನ್ನು ಒರಗಿಸಿ ಕೂರಿಸಿದರು, ತಲೆ ಬಾಚಿದರು, ನಡುಗುವ ಕೈಯ ಮೇಲೆ ಹೊದಿಕೆ ಎಳೆದರು. ಇದು ಪ್ರತಿದಿನದ ಕೆಲಸವೆಂದು ಗೊತ್ತಾಗುತ್ತಿತ್ತು. ಫೋನಿನಲ್ಲಿ ಅಕ್ಕನ ಮುಖ ಮೂಡಿದ್ದೇ ಸರ್ ಗಂಟಲಿನಿಂದ ಹಳೆಯ ಧ್ವನಿ ಎಲ್ಲಿಂದಲೋ ಹೊರಟಿತು.

“ಹಲೋ ಮೇಡಂ! ನಾನಿಲ್ಲಿ ಫಸ್ಟ್ ಕ್ಲಾಸ್. ಬಸು ಬಂದಿದ್ದಾನೆ, ದಪ್ಪ ಆಗಿದ್ದಾನೆ. ನಿನ್ನ ಊಟ ಆಯಿತಾ?” ಕೊಂಕಣಿಯಲ್ಲಿ ಇನ್ನೂ ಏನೋ ಹೇಳಿದರು. ಆ ಕಡೆಯಿಂದ ಅಕ್ಕ ನಕ್ಕರು.

ಕರೆ ಮುಗಿದಾಗ ಅವರ ತಲೆ ದಿಂಬಿನ ಮೇಲೆ ಓರೆಗೆ ಬಿತ್ತು. ಅಂಗಿಯ ಕಾಲರು ಬೆವರಿನಿಂದ ತೊಯ್ದಿತ್ತು.

“ಈಗ ನೀನು ಹೊರಡು,” ಎಂದರು. “ನನಗೆ ಸಾಕಾಯಿತು.”

ಹೊರಟೆ. ಮತ್ತೆ ಅವರನ್ನು ನೋಡಲಿಲ್ಲ. ಕ್ರಿಸ್ಮಸ್ಸಿಗೆ ಮುಂಚೆ ನ್ಯುಮೋನಿಯಾ ಆಗಿ ತೀರಿಕೊಂಡರು. ಗ್ರೆಟ್ಟಕ್ಕ ಹೋಗಿ ಮುಟ್ಟುವಷ್ಟರಲ್ಲಿ ಶವಪೆಟ್ಟಿಗೆ ಇಗರ್ಜಿಯಲ್ಲಿತ್ತು.

ಅಕ್ಕ ಈಗಲೂ ದುಬೈಯಲ್ಲಿ, ಅದೇ ಕ್ಲಿನಿಕ್ಕಿನಲ್ಲಿದ್ದಾರೆ. ಒಮ್ಮೆ ಸತ್ವಾದ ಬಸ್ ನಿಲ್ದಾಣದಲ್ಲಿ ಸಿಕ್ಕರು. ಅದೂ ಇದೂ ಮಾತಾಡಿದೆವು. ಬಸ್ಸು ಬಂದಾಗ ನನ್ನ ತೋಳು ಹಿಡಿದು ಕೇಳಿದರು:

“ನೀವು ಮಂಗಳೂರಿಗೆ ಹೋದ ದಿನ ಅವರು ನನ್ನ ಹತ್ತಿರ ಅಷ್ಟು ನಗಾಡಿಕೊಂಡು ಮಾತಾಡಿದರಲ್ಲ. ನಿಜವಾಗಿ ಹಾಗೇ ಇದ್ರಾ?”

“ಹೌದ್ರಿ ಅಕ್ಕಾ,” ಎಂದೆ. “ನಾ ಇರೂತನಾ ನಗಾಕತ್ತಿದ್ರು.”

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಬಸ್ಸು ಹತ್ತಿದರು.