ಸಣ್ಣ ಜೆಟ್, ನಾಲ್ಕನೇ ಜ್ವರ

ಹಿಪ್ಪುನೇರಳೆ ತೋಟದ ಆಚೆ ತುದಿಯಲ್ಲಿರುವ ಪಂಪ್‌ಸೆಟ್ ಮನೆಯೇ ನನ್ನ ಗ್ಯಾರೇಜು. ಮನೆ ಹತ್ತಿರ ಗಾಡಿ ಬಿಚ್ಚುವಂತಿಲ್ಲ. ರೇಷ್ಮೆ ಹುಳಕ್ಕೆ ಪೆಟ್ರೋಲ್ ವಾಸನೆ ಆಗುವುದಿಲ್ಲ ಎಂಬುದು ನಮ್ಮೂರು ಕಲ್ಯದ ಕಡೆ ತೊಟ್ಟಿಲ ಕೂಸಿಗೂ ಗೊತ್ತು. ನಮ್ಮ ಮನೆಯಲ್ಲಿ ಹುಳಕ್ಕಿರುವ ಮರ್ಯಾದೆ ಅಳಿಯನಿಗೂ ಇಲ್ಲ. ಅಮ್ಮ ಊದುಬತ್ತಿ ಹಚ್ಚುವಾಗಲೂ ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ನೋಡುತ್ತಾಳೆ. ನಾನು ಕಾರ್ಬುರೇಟರ್ ಮುಟ್ಟಿದರೆ ಸ್ನಾನ ಮಾಡಿ, ಬಟ್ಟೆ ಬದಲಿಸಿ, ಆಮೇಲೆ ಹುಳದ ಮನೆಗೆ ಕಾಲಿಡಬೇಕು.

ಕಳೆದ ಮಳೆಗಾಲದಲ್ಲಿ ಗೆಳೆಯರೆಲ್ಲ ಸೇರಿ ಲಡಾಖ್ ಕಡೆ ಹೋಗುವುದೆಂದಾಯಿತು. ನನ್ನದು ಹಳೆಯ ಟೂ ಸ್ಟ್ರೋಕ್ ಡರ್ಟ್ ಬೈಕು. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ, ಪೆಟ್ರೋಲ್ ಮಾತ್ರ ಮೊದಲಿನಷ್ಟೇ ಬರುತ್ತಿರುತ್ತದೆ. ಇಂಜಿನ್ ಉಸಿರು ಕಟ್ಟಿ, ಕಪ್ಪು ಹೊಗೆ ಉಗುಳಿ, ಏರಿನಲ್ಲಿ ಕೂತುಬಿಡುತ್ತದೆ. ಅದಕ್ಕೆ ಕಾರ್ಬುರೇಟರ್ ಒಳಗಿನ ಜೆಟ್ ಬದಲಿಸಬೇಕು. ಜೆಟ್ ಎಂದರೆ ಪೆಟ್ರೋಲ್ ಹಾಯುವ ಸಣ್ಣ ತೂತಿನ ಹಿತ್ತಾಳೆ ತಿರುಪು, ಅಷ್ಟೇ. ತೂತು ಕಿರಿದಾದಷ್ಟೂ ಪೆಟ್ರೋಲ್ ಕಡಿಮೆ. ಎಷ್ಟು ಕಿರಿದು ಎಂಬುದೇ ತಲೆನೋವು. ನಮ್ಮ ಕಡೆ ಎತ್ತರ ಎಂದರೆ ಸಾವನದುರ್ಗ. ಅದನ್ನು ನೋಡಿಕೊಂಡು ಹಿಮಾಲಯಕ್ಕೆ ಜೆಟ್ ಕೂರಿಸುವುದು ಬಚ್ಚಲ ತೊಟ್ಟಿಯಲ್ಲಿ ಈಜು ಕಲಿತ ಹಾಗೆ. ಲೆಕ್ಕ ಹಾಕಿ, ಫೋನಿನಲ್ಲಿ ಕಂಡಕಂಡ ಮೆಕ್ಯಾನಿಕ್‌ಗಳ ತಲೆ ತಿಂದು, ಕೊನೆಗೊಂದು ಸಣ್ಣ ಜೆಟ್ ಹಾಕಿದೆ. ಅದನ್ನು ಹಾಕಿಕೊಂಡು ನಮ್ಮೂರಲ್ಲಿ ಓಡಿಸಿದರೆ ಪೆಟ್ರೋಲ್ ಸಾಲದೆ ಇಂಜಿನ್ ಕಾದು ಜಾಮ್ ಆಗುತ್ತದೆ. ಹಾಗಾಗಿ ರಸ್ತೆವರೆಗೆ ತಳ್ಳಿಕೊಂಡೇ ಹೋಗಿ ಲಾರಿಗೆ ಹತ್ತಿಸಿದೆ. ಗಾಡಿಗಳು ಮುಂದೆ ಹೋದವು. ನಾವು ರೈಲಿನಲ್ಲಿ ಹಿಂದೆ ಹೋಗಬೇಕಿತ್ತು.

ನನ್ನ ಲೆಕ್ಕದಲ್ಲಿ ಅಷ್ಟರೊಳಗೆ ಹುಳ ಗೂಡು ಕಟ್ಟಿ, ಗೂಡು ರಾಮನಗರದ ಮಾರ್ಕೆಟ್ಟಿಗೆ ಹೋಗಿ, ನಾನು ನಿಶ್ಚಿಂತೆಯಿಂದ ರೈಲು ಹತ್ತುವುದು. ಹುಳ ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ಸೊಪ್ಪು ಮುಟ್ಟದೆ, ತಲೆ ಎತ್ತಿಕೊಂಡು ಸುಮ್ಮನೆ ಕೂರುತ್ತದೆ. ಅದಕ್ಕೆ ನಾವು ಜ್ವರ ಎನ್ನುತ್ತೇವೆ. ಜಡಿಮಳೆ ಹಿಡಿದು ಮನೆಯೆಲ್ಲ ಥಂಡಿಯಾಯಿತು, ಹುಳ ನಾಲ್ಕನೇ ಜ್ವರದಿಂದ ಹೊತ್ತಿಗೆ ಏಳಲೇ ಇಲ್ಲ. ಒಂದು ತಟ್ಟೆಯ ಹುಳ ಎದ್ದರೆ ಪಕ್ಕದ್ದು ಇನ್ನೂ ಮಲಗಿತ್ತು. ಇನ್ನು ಎದ್ದ ಮೇಲೆ ಹಗಲೂ ರಾತ್ರಿ ಸೊಪ್ಪು ಹಾಕಬೇಕು. ತಿನ್ನುವುದು ಬಿಟ್ಟು ಹಣ್ಣಾದ ಹುಳವನ್ನು ಹೊತ್ತು ಮೀರದಂತೆ ಆರಿಸಿ ಗೂಡು ಕಟ್ಟಲು ಬಿಡಬೇಕು. ರೈಲು ಅದಕ್ಕೆಲ್ಲ ಕಾಯುವುದಿಲ್ಲ.

"ದಿನಾ ಆ ಪೆಟ್ರೋಲ್ ಕೈಯಾಗೆ ಓಡಾಡ್ತಿದ್ದಲ್ಲ, ಅದ್ಕೇ ಕಣಪ್ಪ ಹಿಂಗಾಗಿರೋದು" ಎಂದಳು ಅಮ್ಮ.

"ಥಂಡಿಗಾಗೈತೆ, ನೀ ಸುಮ್ಕಿರು" ಎಂದ ಅಪ್ಪ. ನನ್ನ ಕಡೆ ತಿರುಗಿ, "ಹೋಗಂಗಿದ್ರೆ ಹೋಗ್ಲಾ. ಸೊಪ್ಪು ನಾನೇ ಕುಯ್ಕತೀನಿ" ಎಂದ.

ಅಪ್ಪನಿಗೆ ಬಲಗೈ ಭುಜದಿಂದ ಮೇಲೆ ಏಳುವುದಿಲ್ಲ. ಬೇಡ ಎಂದಿದ್ದರೆ ಜಗಳವಾಡಿಕೊಂಡಾದರೂ ಹೋಗುತ್ತಿದ್ದೆ. ಹೋಗು ಎಂದೇ ನನ್ನನ್ನು ಕಟ್ಟಿಹಾಕಿದ. ಟಿಕೆಟ್ ರದ್ದು ಮಾಡಿದೆ. ಗೆಳೆಯರಲ್ಲಿ ಒಬ್ಬ ಅಲ್ಲೇ ಬಾಡಿಗೆ ಗಾಡಿ ಹಿಡಿಯುವವನಿದ್ದ. ಅವನು ನನ್ನದನ್ನು ಹತ್ತಿದ.

ಆಮೇಲಿನ ದಿನಗಳಲ್ಲಿ ನಾನು ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ. ಹುಳದ ಮನೆಯ ಕಿಟಕಿಗಳಿಗೆ ಸೊಳ್ಳೆಪರದೆ, ಬಾಗಿಲಿಗೆ ಗೋಣಿಚೀಲ, ಒಳಗೆ ಕೆಂಡದ ಶಾಖ. ಸೊಪ್ಪು ಹಾಕಿದ್ದೇ ತಡ, ತಟ್ಟೆಗಳಿಂದ ಚರಚರ ಎಂದು ತಿನ್ನುವ ಸದ್ದು. ಇವಕ್ಕೆ ಹೊಟ್ಟೆಯೊಂದು ಬಿಟ್ಟರೆ ಬೇರೇನಿದೆ ಎಂದು ಮೈಯೆಲ್ಲ ಉರಿಯುತ್ತಿತ್ತು. ಹುಳದ ಮೇಲೆ ಸಿಟ್ಟು ಮಾಡಿಕೊಂಡು ಏನು ಪ್ರಯೋಜನ ಎಂದು ಗೊತ್ತಿದ್ದೂ ಉರಿಯುತ್ತಿತ್ತು.

ಒಂದು ಮಧ್ಯಾಹ್ನ ಸೊಪ್ಪಿನ ಹೊರೆ ಇಳಿಸುತ್ತಿದ್ದಾಗ ಆ ಗೆಳೆಯನ ಫೋನ್ ಬಂತು. ಬೆಟ್ಟದ ನಡುವಿನ ಯಾವುದೋ ಟೀ ಅಂಗಡಿಯಿಂದ ಮಾತಾಡುತ್ತಿದ್ದ. "ಲೇ, ನಿನ್ ಗಾಡಿ ಏರ್ತಾನೇ ಇಲ್ಲ ಕಣ್ಲಾ. ಕೆಮ್ತೈತೆ. ಅವ್ರೆಲ್ಲ ಮುಂದ್ಕೋದ್ರು."

ಫೋನನ್ನು ಸೈಲೆನ್ಸರ್ ಹತ್ತಿರ ಹಿಡಿ ಎಂದೆ. ಕೇಳಿಸಿತು. ಇಂಜಿನ್ ಪೆಟ್ರೋಲ್ ಕುಡಿದು ಕುಡಿದು, ಕಫ ಕಟ್ಟಿದ ಎದೆಯ ಹಾಗೆ ಗೊರಗುಡುತ್ತಿತ್ತು. ಕೇಳುತ್ತಿದ್ದಂತೆ ನನಗೆ ಖುಷಿಯಾಯಿತು. ಅಲ್ಲೇ ನಿಲ್ಲಲಿ, ನಾನಿಲ್ಲದೆ ಅದು ಹತ್ತುವುದೇ ಬೇಡ ಅನಿಸಿತು. ಅವನು ಆ ಕಡೆಯಿಂದ "ಏನ್ ಮಾಡ್ಲಿ ಹೇಳ್ಲಾ" ಎನ್ನುತ್ತಿದ್ದ. ಚಳಿಗೆ ಅವನ ಹಲ್ಲು ಕಟಕಟ ಎನ್ನುತ್ತಿತ್ತು.

"ಕಾರ್ಬುರೇಟರ್ ಪಕ್ಕ ಏರ್ ಸ್ಕ್ರೂ ಐತೆ. ಒಸಿ ಬಿಚ್ಚು" ಎಂದೆ. "ಇನ್ನೊಸಿ. ಸಾಕು. ಈಗ ರೇಸ್ ಮಾಡು."

ಗೊರಗೊರ ಹೋಗಿ ಸದ್ದು ಹಗುರವಾಯಿತು. ಕಿವಿಗೆ ಫೋನ್ ಒತ್ತಿಕೊಂಡು ಕೇಳಿದೆ. ನನ್ನ ಜೆಟ್ ಸರಿಯಿತ್ತು, ಗಾಳಿಯಷ್ಟೇ ಸಾಲದಾಗಿತ್ತು. ಕಣ್ಣಲ್ಲಿ ನೀರು ಬಂತು.

"ಬತ್ತು ಕಣ್ಲಾ, ಬತ್ತು. ಹೊಂಟೆ ನಾನು" ಎಂದು ಅವನು ಫೋನ್ ಇಟ್ಟ.

ಅಪ್ಪ ಬಾಗಿಲ ಗೋಣಿ ಸರಿಸಿಕೊಂಡು ನಿಂತಿದ್ದ. ಯಾವಾಗ ಬಂದನೋ.

"ಹತ್ತುತೇನ್ಲಾ ಗಾಡಿ?"

"ಹತ್ತುತು."

ಅಪ್ಪ ಹೊರೆಯ ಹಗ್ಗ ಬಿಚ್ಚಲು ಕುಳಿತ. ಗಂಟು ಬಿಗಿಯಾಗಿತ್ತು, ಎಡಗೈಯಲ್ಲಿ ಬಿಡಿಸುವುದು ತಡವಾಯಿತು. ತಲೆ ಎತ್ತದೆಯೇ ಕೇಳಿದ.

"ಅಲ್ಲಿ ಏನೇನ್ ಕಾಣುತ್ತಂತೆ?"

"ಕೇಳ್ನಿಲ್ಲ, ಅಪ್ಪಾ" ಎಂದೆ.