ಮೂಡಲಗಿಗೆ ಬಂದ ಬಿಳಿ ಸೀರೆ

ನಾನು ನರ್ಸಿಂಗ್ ಕಲಿತು ಊರಿಗೆ ಬಂದ ವರ್ಷ ಲಡಾಯಿ ನಡೆದಿತ್ತು. ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಸಕ್ಕರೆ ಕಾಣುತ್ತಿರಲಿಲ್ಲ, ಮೋಟಾರುಗಳೆಲ್ಲ ಪೆಟ್ರೋಲು ಬಿಟ್ಟು ಇದ್ದಿಲು ತಿನ್ನುವುದನ್ನು ಕಲಿತಿದ್ದವು. ಘಟಪ್ರಭಾ ಸ್ಟೇಷನ್ನಿನಲ್ಲಿ ರೈಲಿಳಿದಾಗ ನನ್ನ ಹತ್ತಿರ ಇದ್ದದ್ದು ಒಂದು ತಗಡಿನ ಟ್ರಂಕು. ಅದರೊಳಗೆ ನನ್ನ ಸರ್ಟಿಫಿಕೇಟು ಮತ್ತು ಬಿಳಿ ಸೀರೆಗಳು. ಅಣ್ಣ ಘೋಡಗೇರಿಯಿಂದ ಚಕ್ಕಡಿ ಕಟ್ಟಿಕೊಂಡು ಬಂದಿದ್ದ. ಟ್ರಂಕನ್ನು ಎತ್ತಿ ಇಡುತ್ತ, "ಕಲಿಯೂದಾತು. ಇನ್ನ ಮುಂದೇನ?" ಎಂದು ಕೇಳಿದ.

"ನೌಕರಿ," ಎಂದೆ. ಅವನು ಎತ್ತುಗಳನ್ನು ಹೊಡೆದ.

ಅಣ್ಣ ಕೆಟ್ಟವನಲ್ಲ. ಆದರೆ ನನ್ನನ್ನು ಕಲಿಯಲು ಕಳಿಸಿದವನು ಅಪ್ಪ, ಮತ್ತು ಅಪ್ಪ ಈಗ ಇರಲಿಲ್ಲ. ಬುದ್ಧಿ ತಿಳಿಯುವ ಮೊದಲೇ ನನ್ನ ಮದುವೆಯಾಗಿತ್ತು, ಮೈ ನೆರೆಯುವ ಮೊದಲೇ ಗಂಡ ತೀರಿಕೊಂಡಿದ್ದ. ಅವನ ಮುಖ ನನಗೆ ಸರಿಯಾಗಿ ನೆನಪಿಲ್ಲ, ಮದುವೆಯಲ್ಲಿ ತೊಡಿಸಿದ ಹಸಿರು ಬಳೆಗಳು ಮಾತ್ರ ಚೆನ್ನಾಗಿ ನೆನಪಿವೆ. ನಮ್ಮ ಮನೆತನದಲ್ಲಿ ಉಡಿಕೆ ಮಾಡಿ ಇನ್ನೊಬ್ಬರಿಗೆ ಕೊಡುವ ಪದ್ಧತಿ ಇರಲಿಲ್ಲ. ಬೀಸುವ ಕಲ್ಲಿನ ಮುಂದೆ ನಾನು ಕೂತದ್ದನ್ನು ಕೆಲವು ವರ್ಷ ನೋಡಿ ನೋಡಿ ಅಪ್ಪನಿಗೆ ತಡೆಯದಾಯಿತು. ಒಂದು ದಿನ ಯಾರನ್ನೂ ಕೇಳದೆ ನನ್ನನ್ನು ರೈಲು ಹತ್ತಿಸಿ, ದೂರದ ಒಂದು ದೊಡ್ಡ ಆಸ್ಪತ್ರೆಗೆ ಒಯ್ದು ಬಿಟ್ಟು ಬಂದ.

ಆ ಆಸ್ಪತ್ರೆಯಲ್ಲಿ ಕಲಿಯುವ ಹುಡುಗಿಯರಿಗೆಲ್ಲ ಒಂದೇ ಬಿಳಿ ಸೀರೆ. ಮದುವೆಯಾದವಳು, ಆಗದವಳು, ನನ್ನಂಥವಳು, ಎಲ್ಲರ ಕೈಯೂ ಬೋಳು. ಬಳೆ ತೊಟ್ಟು ಬಂದರೆ ದೊಡ್ಡ ನರ್ಸಬಾಯಿ ಬಾಯಿಗೆ ಬಂದಂತೆ ಬೈಯುತ್ತಿದ್ದರು. ಯಾರ ಬಿಳಿ ಯಾವುದೆಂದು ಯಾರೂ ಕೇಳುತ್ತಿರಲಿಲ್ಲ. ಹೇಳಿದರೆ ನಗುತ್ತೀರಿ, ನನ್ನ ಬಾಳಿನಲ್ಲಿ ಬಣ್ಣ ಇದ್ದ ದಿನಗಳೆಂದರೆ ಆ ಬಿಳಿ ಸೀರೆಯ ದಿನಗಳೇ. ಸಂಜೆ ಸೀರೆಗಳಿಗೆ ನೀಲಿ ಹಾಕಿ ಹಗ್ಗದ ಮೇಲೆ ಒಣಹಾಕುತ್ತ ನಾವು ಮರಾಠಿ, ಕನ್ನಡ ಎರಡೂ ಕಲಸಿ ಹರಟುತ್ತಿದ್ದೆವು. ಇವತ್ತಿಗೂ ನೀಲಿಯ ವಾಸನೆ ಬಂದರೆ ನನಗೆ ಆ ಹಗ್ಗ ಕಾಣುತ್ತದೆ.

ನೌಕರಿ ಹುಡುಕಲು ಹೊರಟಾಗ ಅಣ್ಣ ಒಂದು ಮಾತು ಹೇಳಿದ. "ದೀಪಾವಳಿ ತನಕ ತಿರಗು. ಸಿಕ್ಕರ ಸಿಕ್ತು. ಇಲ್ಲಂದ್ರ ಸುಮ್ನ ಮನ್ಯಾಗ ಇರು. ಮಂದಿ ಬಾಯಾಗ ಬೀಳೂದು ಬ್ಯಾಡ." ಮನೆಯಲ್ಲಿರುವುದೆಂದರೆ ಏನೆಂದು ನನಗೆ ಗೊತ್ತಿತ್ತು. ಅದೇ ಬೀಸುವ ಕಲ್ಲು, ಮಂಗಳಕಾರ್ಯದ ದಿನ ಅದೇ ಹಿತ್ತಲ ಕೋಣೆ. ಅಲ್ಲಿಗೆ ಮತ್ತೆ ಹೋದರೆ ಹೆಣವಾಗಿಯೇ ಹೊರಗೆ ಬರುತ್ತೇನೆ ಅನ್ನಿಸಿತು.

ಮೊದಲು ಹುಕ್ಕೇರಿಗೆ ಹೋದೆ. ಅಲ್ಲಿಯ ದವಾಖಾನೆಯ ಡಾಕ್ಟರು ಸರ್ಟಿಫಿಕೇಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಕಾಗದ ಚೊಲೊ ಐತಿ. ಆದ್ರ ಒಬ್ಬಾಕಿ ಹೆಣ್ಣಮಗಳನ್ನ ಎಲ್ಲಿ ಇಡೂಣು?" ಎಂದರು. ನಾನೇನು ಕಡ್ಲಿಚೀಲವೇ ಇಡಲು ಎಂದು ಬಾಯಿಗೆ ಬಂದದ್ದನ್ನು ನುಂಗಿದೆ. ಮೂಗಿನ ತುದಿಯಲ್ಲೇ ಸಿಟ್ಟು ನನಗೆ, ಅದು ಅಪ್ಪನಿಂದ ಬಂದದ್ದು. ಗೋಕಾಕದಲ್ಲಿ ಒಬ್ಬ ನರ್ಸಬಾಯಿ ಆಗಲೇ ಇದ್ದರು. ಆಫೀಸಿನವರು ಬರುವ ವರ್ಷ ಬನ್ನಿರಿ ಎಂದರು. ಜೊತೆಗೆ ಬಂದಿದ್ದ ಅಣ್ಣ ಪೇಟೆಯಲ್ಲಿ ಕರದಂಟು ಕೊಡಿಸಿದ. ಸಮಾಧಾನ ಮಾಡಲು ಅವನಿಗೆ ಬರುತ್ತಿದ್ದದ್ದು ಅಷ್ಟೇ, ಆದರೆ ಅದನ್ನು ತಿನ್ನುವಾಗ ನನ್ನ ಕಣ್ಣು ತುಂಬಿ ಬಂತು.

ಮೂಡಲಗಿಗೆ ಹೋದದ್ದು ಇದ್ದಿಲ ಮೋಟಾರಿನಲ್ಲಿ. ಅದರ ಬೆನ್ನಿಗೆ ಒಂದು ಕಬ್ಬಿಣದ ಒಲೆ. ಏರು ಬಂದಲ್ಲಿ ಕ್ಲೀನರ್ ಇಳಿದು ಒಲೆಯ ಗಾಲಿ ತಿರುಗಿಸಿ ಗಾಳಿ ಊದಬೇಕು, ನಾವೂ ಇಳಿದು ನಡೆಯಬೇಕು. ನನ್ನ ಸೀರೆಯ ತುಂಬ ಕರಿ. ಆ ಕರಿ ಬಳಿದ ಸೀರೆಯಲ್ಲೇ ದವಾಖಾನೆಯ ಮೆಟ್ಟಿಲು ಹತ್ತಿದೆ. ಅಲ್ಲಿ ಡಾಕ್ಟರು ವಾರಕ್ಕೊಮ್ಮೆ ಬರುವವರು, ಉಳಿದಂತೆ ಕಂಪೌಂಡರರದೇ ರಾಜ್ಯ. ದವಾಖಾನೆ ನಡೆಸುವ ಲೋಕಲ್ ಬೋರ್ಡಿನ ಒಬ್ಬ ಮೆಂಬರರು ಊರಿನಲ್ಲೇ ಇದ್ದರು. ಅವರು ಕಟ್ಟೆಯ ಮೇಲೆ ಕೂತು, "ಇರ್ರಿ. ದೀಪಾವಳಿ ತನಕ ನೋಡತೀವಿ. ಊರ ಹೆಣ್ಣಮಕ್ಕಳು ನಿಮ್ಮನ್ನ ಕರಿಯಾಕ ಹತ್ತಿದ್ರ ಖಾಯಂ. ಇಲ್ಲಂದ್ರ ನಾವರ ಏನ ಮಾಡೂಣು?" ಎಂದರು. ದವಾಖಾನೆಯ ಹಿಂದಿನ ಕೋಣೆಯಲ್ಲಿ ನನ್ನ ಟ್ರಂಕು ಇಳಿಯಿತು.

ಹೆಣ್ಣುಮಕ್ಕಳು ಕರೆಯಲಿಲ್ಲ.

ನಾನಾಗಿಯೇ ಓಣಿ ಓಣಿ ತಿರುಗಿದೆ. ಬಾಗಿಲಲ್ಲಿ ನಗುತ್ತ ಬಂದವರು ನನ್ನ ಹಣೆ ನೋಡಿ, ಕೈ ನೋಡಿ, ಸೀರೆ ನೋಡಿ, ನಗುವನ್ನು ಒಳಗೆ ಎಳೆದುಕೊಳ್ಳುತ್ತಿದ್ದರು. ಬಸುರಿ ಸೊಸೆಯನ್ನು ಮೆಲ್ಲಗೆ ಒಳಗೆ ಕಳಿಸುತ್ತಿದ್ದರು. ಆ ಮೆಂಬರರ ಮನೆಗೂ ಹೋದೆ. ಅವರ ಹೆಂಡತಿ ಮೂಗುತಿ ಇಟ್ಟ ದೊಡ್ಡ ಹೆಂಗಸು, ಮಾತು ಮೃದು. "ಬಿಸಲಾಗ ಬಂದೀರಿ, ಇಲ್ಲೇ ಕಟ್ಟಿ ಮ್ಯಾಲ ಕುಂಡ್ರಿ," ಎಂದು ಮಜ್ಜಿಗೆಯನ್ನು ಹೊರಗೇ ಕಳಿಸಿದರು. ಹೊಸ್ತಿಲು ದಾಟಿಸಲಿಲ್ಲ. ಮಜ್ಜಿಗೆಗೆ ಶುಂಠಿ, ಕೊತ್ತಂಬರಿ ಎಲ್ಲ ಹಾಕಿದ್ದರು, ಬಹಳ ರುಚಿಯಾಗಿತ್ತು. ಕುಡಿಯುತ್ತ ನನಗೆ ಆ ಚರಿಗೆಯನ್ನು ಎತ್ತಿ ಒಗೆಯಬೇಕು ಅನ್ನಿಸಿತ್ತು.

ಕಂಪೌಂಡರರ ಹೆಂಡತಿಗೆ ನನ್ನ ಮೇಲೆ ಕನಿಕರ. ಒಂದು ಮಧ್ಯಾಹ್ನ ತನ್ನ ಇಳಕಲ್ಲ ಸೀರೆ ತಂದು ನನ್ನ ತೊಡೆಯ ಮೇಲೆ ಇಟ್ಟಳು. "ಇದನ್ನ ಉಟಗೋರಿ. ಬಳಿಗಾರ ಸಂತಿಗೆ ಬರ್ತಾನ, ಹಸರ ಬಳಿ ಇಟಗೋರಿ. ಯಾರರ ಕೇಳಿದ್ರ ಗಂಡ ಲಡಾಯಿಗೆ ಹೋಗ್ಯಾನ ಅನ್ರಿ. ಈಗ ಊರಿಗೆ ಒಬ್ರ ಗಂಡ ಲಡಾಯಾಗ ಅದಾನ, ಯಾರ ಹೋಗಿ ನೋಡತಾರ?"

ನಾನು ಬಾಗಿಲು ಮುಚ್ಚಿಕೊಂಡು ಆ ಸೀರೆ ಉಟ್ಟೆ. ದಾಳಿಂಬೆ ಬಣ್ಣ, ಕೆಂಪು ಸೆರಗು. ಕನ್ನಡಿ ಅಂಗೈಯಷ್ಟಿತ್ತು, ತುಸು ತುಸುವಾಗಿ ನನ್ನನ್ನು ನೋಡಿಕೊಂಡೆ. ಚೆಂದ ಕಂಡೆ. ಸುಳ್ಳು ಹೇಳುವುದಿಲ್ಲ, ಬಹಳ ಚೆಂದ ಕಂಡೆ. ಆ ಸೀರೆಯನ್ನು ಬಿಚ್ಚಿ ಟ್ರಂಕಿನಲ್ಲಿಟ್ಟೆ, ಆದರೆ ಹಿಂದಕ್ಕೆ ಕೊಡಲಿಲ್ಲ. ದೀಪಾವಳಿ ಹತ್ತಿರ ಬರುತ್ತಿತ್ತು.

ಶೇಂಗಾ ಕೀಳುವ ಸುಗ್ಗಿ. ಓಣಿಗಳೆಲ್ಲ ಬರಿದಾಗಿದ್ದ ಒಂದು ಮುಂಜಾನೆ ಗಂಡಸೊಬ್ಬರು ದವಾಖಾನೆಗೆ ಓಡಿ ಬಂದರು. ಅವರ ತಂಗಿಯ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ, ನಿನ್ನೆಯಿಂದ ಬೇನೆ ತಿನ್ನುತ್ತಿದ್ದಾಳೆ, ಊರಿನ ಸೂಲಗಿತ್ತಿ ಕೌಜಲಗಿಗೆ ತನ್ನ ಮಗಳ ಬಾಣಂತನಕ್ಕೆ ಹೋಗಿದ್ದಾಳೆ. ಕಂಪೌಂಡರರು ನನ್ನ ಕಡೆ ಕೈ ತೋರಿಸಿದರು. ಬಂದವರು ನನ್ನ ಸೀರೆಯನ್ನು ಮೇಲೆ ಕೆಳಗೆ ನೋಡಿದರು, ಆಮೇಲೆ "ಬರ್ರಿ," ಎಂದರು. ಟ್ರಂಕಿನಿಂದ ಇಳಕಲ್ಲ ತೆಗೆದು ಉಡಲು ಹೊತ್ತಿರಲಿಲ್ಲ. ಇದ್ದಿದ್ದರೆ ಉಡುತ್ತಿದ್ದೆನೋ ಏನೋ.

ಆ ಮನೆಯ ಪಡಸಾಲೆಯಲ್ಲಿ ಓಣಿಯ ಹೆಂಗಸರು ಗುಂಪುಗೂಡಿದ್ದರು. ಹೆರಿಗೆಯ ಕೋಣೆಯ ಬಾಗಿಲಿಗೆ ಅಡ್ಡವಾಗಿ, ಗೋಡೆಗೆ ಆತು, ಸೆರಗನ್ನು ಹಣೆಯ ಮೇಲೆ ಎಳೆದುಕೊಂಡ ಒಬ್ಬಾಕೆ ನೆಲದ ಮೇಲೆ ಕೂತಿದ್ದಳು. ನಾನು ಹತ್ತಿರ ಹೋದಾಗ ತಲೆ ಎತ್ತಿದಳು.

"ಬಾಯಾರ, ಒಂದ ಮಾತ ಕೇಳತೇನಿ, ಸಿಟ್ಟಾಗಬ್ಯಾಡ್ರಿ," ಎಂದಳು. "ಈ ಬಿಳಿ ಸೀರಿ ದವಾಖಾನಿದೊ, ಹಣಿಬರಹದ್ದೊ?"

ಇಷ್ಟು ದಿನ ಊರೆಲ್ಲ ನನ್ನ ಬೆನ್ನ ಹಿಂದೆ ಕೇಳಿದ್ದನ್ನು ಒಬ್ಬಳು ಎದುರಿಗೆ ಕೇಳಿದ್ದಳು. ದವಾಖಾನೆಯದು ಅಂದರೆ ಮುಗಿಯಿತು, ಅದು ಸುಳ್ಳೂ ಅಲ್ಲ. ನೌಕರಿ ನನ್ನ ನಾಲಗೆಯ ತುದಿಯಲ್ಲಿತ್ತು. ಆದರೆ ಅಷ್ಟು ನೇರವಾಗಿ ಕೇಳಿದವಳಿಗೆ ಅರ್ಧ ಮಾತು ಹೇಳಲು ನನಗೆ ಆಗಲಿಲ್ಲ.

"ಎರಡೂ ಹೌದ್ರಿ," ಎಂದೆ.

ಹಿಂದಿದ್ದ ಹೆಂಗಸರಲ್ಲಿ ಲೊಚಗುಟ್ಟುವ ಸದ್ದು ಕೇಳಿತು. "ಹಂಗಾರ ಬ್ಯಾಡ್ರಿ ಯವ್ವಾ, ಚೊಚ್ಚಲ ಹೆರಿಗಿ," ಎಂದು ಒಬ್ಬಳು ಅಂದಳು. ನನಗೆ ಸಿಟ್ಟು ನೆತ್ತಿಗೇರಿತು. "ಕೊಳ್ಳಾಗ ಲಿಂಗ ಕಟಗೊಂಡೀವಿ, ನಮಗ ಸೂತಕ ಇಲ್ಲ ಅಂತ ಗುಡ್ಯಾಗ ಕುಂತ ಹೇಳತೀವಿ. ಮನಿಗೆ ಬರೂದ್ರಾಗ ಎಲ್ಲಾ ಮರತ ಬಿಡತೀವೇನ್ರಿ?" ಎಂದೆ. ಒಳಗಿನಿಂದ ಹುಡುಗಿಯ ದನಿ ಬಂತು. ಕೂಗಿ ಕೂಗಿ ಬಿದ್ದುಹೋದ ದನಿ. "ಅವ್ವಾ, ಒಳಗ ಬಾರ ಅವ್ವಾ."

ಬಾಗಿಲಲ್ಲಿ ಕೂತಾಕೆ ಕೋಣೆಯ ಕಡೆ ಮುಖ ತಿರುಗಿಸಿ, "ಇಲ್ಲೇ ಅದೇನವ್ವ," ಎಂದಳು. ಏಳಲಿಲ್ಲ. ಹುಡುಗಿಯ ತಾಯಿ ಈಕೆಯೇ ಎಂದು ನನಗೆ ಆಗ ತಿಳಿಯಿತು.

"ಆಕಿ ಕರಿಯಾಕತ್ತಾಳ. ನೀವ್ಯಾಕ ಒಳಗ ಹೋಗಿಲ್ರಿ?" ಎಂದು ಕೇಳಿದೆ.

ಆಕೆ ಸೆರಗಿನಿಂದ ಕೈ ಹೊರಗೆ ತೆಗೆದು ಮುಂದೆ ಚಾಚಿದಳು. ಬರಿಗೈ. ಒಂದೂ ಬಳೆ ಇರಲಿಲ್ಲ. "ನಾನೂ ನಿಮ್ಮಂಗ ಅದೇನ್ರಿ," ಎಂದಳು. "ಆಕಿ ಬಸರಿ ಕುಬಸದ ದಿನಾನೂ ಅಡಗಿ ಮಾಡಿಟ್ಟ ಬಾಗಲ ಹಿಂದ ನಿಂತಿದ್ನಿ. ನನ್ನ ನೆರಳ ಆಕಿಗೆ ತಾಗಬಾರದು."

ನನ್ನ ಸಿಟ್ಟು ಎಲ್ಲಿ ಹೋಯಿತೋ. ನನ್ನ ಬೋಳು ಕೈಗಳನ್ನು ನಾನು ಎಷ್ಟೋ ಸಲ ನೋಡಿಕೊಂಡಿದ್ದೆ, ಇನ್ನೊಬ್ಬರದನ್ನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ನಾನು ಆ ಕೈ ಹಿಡಿದುಕೊಂಡೆ.

"ಆಕಿ ಮುತ್ತೈದಿನ್ನ ಕರಿಯಾಕತ್ತಿಲ್ರಿ, ಅವ್ವನ್ನ ಕರಿಯಾಕತ್ತಾಳ. ಏಳ್ರಿ, ಇಬ್ರೂ ಹೋಗೂಣು."

ಆಕೆ ಎದ್ದಳು. ನಾನು ಎಬ್ಬಿಸಿದೆನೋ, ಆಕೆಯೇ ನನ್ನನ್ನು ಎಳೆದುಕೊಂಡು ಹೋದಳೋ, ಈಗ ಹೇಳಲಾರೆ. ಕೂಸು ಕಾಲು ಮುಂದಾಗಿ ಬರುತ್ತಿತ್ತು. ಆಸ್ಪತ್ರೆಯಲ್ಲಿ ಅಂಥದ್ದನ್ನು ದೊಡ್ಡ ನರ್ಸಬಾಯಿಯ ಕಣ್ಣ ಮುಂದೆ ಮಾಡಿದ್ದೆ, ಒಬ್ಬಳೇ ಮಾಡಿದ್ದಿಲ್ಲ. ತಾಯಿ ಮಗಳ ಬೆನ್ನಿಗೆ ತನ್ನ ಎದೆ ಕೊಟ್ಟು ಕೂತಳು, ಕಿವಿಯಲ್ಲಿ ಏನೋ ಹೇಳುತ್ತಲೇ ಇದ್ದಳು. ಹುಡುಗಿಗೆ ಎಲ್ಲಿಂದಲೋ ಬಲ ಬಂತು. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಹೆಣ್ಣುಕೂಸು ಹುಟ್ಟಿ, ಹೊರಗಿನ ಹೆಂಗಸರಿಗೆಲ್ಲ ಕೇಳುವಂತೆ ಚೀರಿತು. ಆ ತಾಯಿ ಕೂಸನ್ನು ನೋಡುವ ಮೊದಲು ಮಗಳ ಹಣೆಯ ಬೆವರು ಒರೆಸಿದಳು. ನಾನು ಅತ್ತೆ. ನರ್ಸಬಾಯಿ ಅಳಬಾರದು ಎಂದು ನನಗೆ ಕಲಿಸಿದ್ದರು.

ದವಾಖಾನೆಗೆ ಬಂದಾಗ ಸುದ್ದಿ ನನಗಿಂತ ಮೊದಲು ಮುಟ್ಟಿತ್ತು. ಕಂಪೌಂಡರರು ಹಣೆ ಬಡಿದುಕೊಂಡರು. "ಗಂಡ ಲಡಾಯಿಗೆ ಹೋಗ್ಯಾನ ಅಂದಿದ್ರ ನಿಮ್ಮ ಗಂಟೇನ ಹೋಗತಿತ್ರಿ? ಈಗ ಊರಿಗೆಲ್ಲಾ ಗೊತ್ತಾತು." ನನಗೂ ಹಾಗೆಯೇ ಅನ್ನಿಸಿತ್ತು. ಅಣ್ಣನಿಗೆ ಚಕ್ಕಡಿ ತರಲು ಹೇಳಿ ಕಳಿಸಬೇಕೆಂದು ಸೀರೆಗಳನ್ನು ಒಗೆದು, ಮಡಚಿ ಇಟ್ಟುಕೊಂಡೆ. ಮೂಡಲಗಿಯ ಹೆಂಗಸರು ಯಾರೂ ದವಾಖಾನೆಯ ಕಡೆ ಬರಲಿಲ್ಲ.

ಕಡೆಗೆ ಬಂದವಳು ಆ ತಾಯಿಯೇ. ಕೂಸನ್ನು ತೊಟ್ಟಿಲಿಗೆ ಹಾಕುತ್ತೇವೆ, ಬನ್ನಿರಿ ಎಂದು ಕರೆಯಲು ಬಂದಿದ್ದಳು. ಅಂಥ ಕಾರ್ಯಕ್ಕೆ ಅವಳಂಥವಳು ಕರೆಯಲು ಹೊರಡುವ ವಾಡಿಕೆ ಇರಲಿಲ್ಲ. ನಾನು ಮರುಮಾತಾಡದೆ ಹೋದೆ, ಹೋಗಿ ಅಭ್ಯಾಸದಂತೆ ಬಾಗಿಲ ಹಿಂದೆ ನಿಂತೆ. ಅಲ್ಲಿ ಆಕೆಯೂ ನಿಂತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕೆವು.

ತೊಟ್ಟಿಲ ಕಾರ್ಯದಲ್ಲಿ ಕೂಸನ್ನು ತೊಟ್ಟಿಲ ಆಚೆ ಒಬ್ಬರು, ಈಚೆ ಒಬ್ಬರು ನಿಂತು, ಕೆಳಗಿನಿಂದ ಮೇಲಿನಿಂದ ಕೈ ಬದಲಿಸಿ, ಆಮೇಲೆ ಮಲಗಿಸುತ್ತಾರೆ. ಅದು ಮುತ್ತೈದೆಯರ ಕೆಲಸ. ಇಬ್ಬರು ಎದ್ದು ಸೆರಗು ಕಟ್ಟಿಕೊಂಡು ಬಂದರು. ಬಾಣಂತಿ ಕೂಸನ್ನು ಎದೆಗೆ ಒತ್ತಿಕೊಂಡಳು, ಕೊಡಲಿಲ್ಲ.

"ಯಾರ ಕೈಯಾಗ ಹುಟ್ಟೇತಿ, ಅವರ ಕೈಯಾಗಿಂದನ ತೊಟ್ಟಲಕ ಹೋಗಲಿ," ಎಂದಳು. "ಆ ಕಡೆ ನಮ್ಮವ್ವ ನಿಂದರಲಿ."

ಮನೆ ತುಂಬ ಹೆಂಗಸರಿದ್ದರು. ಮೆಂಬರರ ಹೆಂಡತಿ ಮುಂದಿನ ಸಾಲಿನಲ್ಲೇ ಕೂತಿದ್ದರು. ಎಲ್ಲರೂ ಅವರ ಮುಖ ನೋಡಿದರು. ಅವರು ಮೂಗುತಿ ಸರಿಮಾಡಿಕೊಂಡು, "ಮತ್ತ್ಯಾಕ ತಡಾ? ಕೂಸು ಬಿಸಲಿಗೆ ಬಾಡತೈತಿ," ಎಂದರು. ಒಳಮನೆಯಲ್ಲಿ ಬಿಸಿಲೇ ಇರಲಿಲ್ಲ.

ನಾವಿಬ್ಬರೂ ಬಾಗಿಲ ಹಿಂದಿನಿಂದ ಹೊರಗೆ ಬಂದೆವು. ತೊಟ್ಟಿಲ ಈಚೆ ನನ್ನ ಬಿಳಿ ಸೀರೆ, ಆಚೆ ಅವಳದು. ಕೂಸು ನನ್ನ ಬರಿಗೈಯಿಂದ ಅವಳ ಬರಿಗೈಗೆ ಹೋಯಿತು, ಮತ್ತೆ ನನ್ನ ಕೈಗೆ ಬಂತು. ಬಳೆಯ ಸದ್ದಿಲ್ಲದ್ದರಿಂದ ಅದು ಮಿಸುಕದೆ ಮಲಗಿತು. ಆಮೇಲೆ ಮೂಡಲಗಿಯ ಎಷ್ಟೋ ಮನೆಗಳಲ್ಲಿ ಎಷ್ಟೋ ಕೂಸುಗಳನ್ನು ಎತ್ತಿದ್ದೇನೆ, ಅವುಗಳ ಕೂಸುಗಳನ್ನೂ ಎತ್ತಿದ್ದೇನೆ. ಆ ಕೂಸಿನ ಭಾರ ಮಾತ್ರ ನನ್ನ ಅಂಗೈಯಲ್ಲಿ ಇನ್ನೂ ಇದೆ.

ಹೊರಡುವಾಗ ಮೆಂಬರರ ಹೆಂಡತಿ ಹೊಸ್ತಿಲಲ್ಲಿ ನನ್ನನ್ನು ನಿಲ್ಲಿಸಿದರು.

"ನಮ್ಮ ಸೊಸಿಗೂ ದಿನಾ ಹತ್ರ ಬಂದಾವ. ನಾಳೆ ಮುಂಜಾನೆ ಬಂದ ನೋಡ್ರಿ," ಎಂದರು. ನನ್ನ ಸೆರಗು ಮುಟ್ಟಿ, "ಕಟ್ಟಿ ಮ್ಯಾಲ ಕುಂಡ್ರಬ್ಯಾಡ್ರಿ, ಒಳಗ ಬರ್ರಿ. ಇದ ಸೀರಿ ಉಟಗೊಂಡ ಬರ್ರಿ," ಎಂದರು.

ಅಂದು ಸಂಜೆ ಟ್ರಂಕು ತೆರೆದು ಇಳಕಲ್ಲ ಸೀರೆಯನ್ನು ಹೊರಗೆ ತೆಗೆದೆ. ಇನ್ನೊಮ್ಮೆ ಅದರ ಕೆಂಪು ಸೆರಗನ್ನು ಕೈಯಿಂದ ಸವರಿ, ಮಡಚಿ, ಕಂಪೌಂಡರರ ಹೆಂಡತಿಗೆ ಕೊಟ್ಟು ಬಂದೆ.