ಗಣಿಯ ಬಾಯಿ

ಬೇಗೂರಿನಾಚೆಯ ಗುಡ್ಡದಲ್ಲಿ ತಾಮ್ರದ ಗಣಿ ಕುಸಿದಾಗ ಚಿಕ್ಕನಿಂಗಮ್ಮನ ಗಂಡ ಒಳಗೇ ಉಳಿದ. ಕಂಪನಿಯವರು ಗಣಿಯ ಬಾಯಿಗೆ ಕಲ್ಲು ತುಂಬಿ ಹೊರಟುಹೋದರು. ಹಸಿರು ಕಲೆಯ ಆ ಕಲ್ಲುಗಳು, ತುಕ್ಕು ಹಿಡಿದ ಒಂದು ರಾಟೆ, ಇಷ್ಟೇ ಉಳಿದದ್ದು. ಪಿತೃಪಕ್ಷದಲ್ಲಿ ಊರವರು ತಮ್ಮ ಹೊಲದ ಸಮಾಧಿಗೆ ಎಡೆಯಿಟ್ಟರೆ, ಅವಳು ಆ ಕಲ್ಲುಗಳ ಮುಂದೆ ಇಡುತ್ತಿದ್ದಳು.

೧೯೯೪ರಲ್ಲಿ ಮೈದುನ ದೇವರಾಜು ಕೊಟ್ಟಿಗೆಯ ಗೋಡೆಗೆಂದು ಅಲ್ಲಿಂದ ಟ್ರ್ಯಾಕ್ಟರಿನಲ್ಲಿ ಕಲ್ಲು ಹೇರತೊಡಗಿದ. ಗಂಡನ ಮೂಳೆಯಾದರೂ ಹೊಲ ಸೇರೀತೆಂದು ಅವಳೂ ದಿನವೂ ಕಲ್ಲು ಹೊತ್ತಳು. ಆಳುದ್ದ ತೆರವಾದ ಮೇಲೆ ಟ್ರ್ಯಾಕ್ಟರ್ ಬರಲಿಲ್ಲ. ಅವಳೇ ಮೈದುನನ ಮನೆಗೆ ಹೋದಳು.

“ಗ್ವಾಡೆ ಆಯ್ತಲ್ಲ ಅತ್ಗೆ, ಇನ್ಯಾಕೆ ಕಲ್ಲು?”

“ನಿಮ್ಮಣ್ಣ ಒಳಗವ್ನೆ ಕಣಪ್ಪ.”

“ಇರ್ಲಿ ಬುಡು. ಇಷ್ಟು ವರ್ಸ ಇರ್ನಿಲ್ವಾ?”

ಚಿಕ್ಕನಿಂಗಮ್ಮ ಹಾರೆ ಹಿಡಿದು ಒಬ್ಬಳೇ ಗುಡ್ಡ ಹತ್ತಿದಳು. ಮಿಕ್ಕಿದ್ದ ಬಂಡೆಗಳು ಒಬ್ಬಳ ಕೈಗೆ ಅಲುಗುವಂಥವಾಗಿರಲಿಲ್ಲ.